ಎಲ್‌ಇಡಿಗೆ ಕಾಸಿದೆ, ಹಿಡ್ಕೊಳ್ಳೋ ಹ್ಯಾಂಡಲ್‌ಗೆ ಇಲ್ಲ

ಕಂತು 1/5

ಮೊದಲನೇ ಫೋಟೋ ನೋಡಿ ಫ್ರೆಂಡ್ಸ್. ಹೊಸಕೋಟೆ ಕಡೆ ಶಿಫ್ಟ್‌ಗೆ ಜನ ಸಾಗಿಸೋ ವ್ಯಾನು. ಹೊಸ ಸೀಟ್ ಕವರ್, ಮೇಲ್ಗಡೆ ಉದ್ದಕ್ಕೂ ನೀಲಿ ಎಲ್‌ಇಡಿ ಪಟ್ಟಿ, ಹಿಂದೆ ಸಬ್‌ವೂಫರ್, ಗಾಜಿನ ಮೇಲೆ ದೊಡ್ಡ ಸ್ಟಿಕ್ಕರ್. ಎಲ್ಲಾ ನೀಟಾಗಿದೆ. ಈಗ ಎರಡನೇ ಫೋಟೋಗೆ ಸ್ವೈಪ್ ಮಾಡಿ, ಬರೀ ಬಾಗ್ಲು. ಐದಡಿ ಎತ್ತರದ ಹೆಂಗಸೊಬ್ಬರು, ಒಂದು ಕೈಲಿ ಊಟದ ಬ್ಯಾಗು, ಕಾಲಲ್ಲಿ ಸ್ಲಿಪ್ಪರ್, ರಾತ್ರಿ ಮಳೆ ಬಂದು ಮೆಟ್ಲು ಒದ್ದೆ. ಇವರು ಹತ್ತುವಾಗ ಇನ್ನೊಂದು ಕೈ ಎಲ್ಲಿಡಬೇಕು ಹೇಳಿ?

ಡೋರ್ ಹಿಡ್ಕೊಂಡ್ರೆ ಅದು ಜಾರೋ ಡೋರು, ಕೈ ಜೊತೇಲೇ ಹೋಗುತ್ತೆ. ಸೀಟಿನ ಬೆನ್ನು ಹಿಡ್ಕೊಂಡ್ರೆ ಕವರ್ ಕಿತ್ತು ಬರುತ್ತೆ. ಕಿಟಕಿ ರಬ್ಬರ್ ಹಿಡ್ಕೊಂಡ್ರೆ ಓನರ್ ಬೈತಾನೆ. ಕೊನೆಗೆ ಒಳಗೆ ಕೂತಿರೋ ಅಕ್ಕನ ಕೈ. ಆ ಅಕ್ಕನಿಗೂ ಹಿಡ್ಕೊಳ್ಳೋಕೆ ಏನೂ ಇಲ್ಲ, ಅದು ಬೇರೆ ಮಾತು. ಇಷ್ಟರಲ್ಲಿ ಡ್ರೈವರ್ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಡ್ತಾ ಇರ್ತಾನೆ, ಯಾಕಂದ್ರೆ ಗೇಟ್ ಟೈಮು.

ಡ್ರೈವರ್ ಪಕ್ಕದ ಸೀಟಲ್ಲಿ ನೋಡಿ, ಎಷ್ಟೋ ಗಾಡಿಗಳಲ್ಲಿ ಕಂಪನಿಯಿಂದಲೇ ಹ್ಯಾಂಡಲ್ ಬಂದಿರುತ್ತೆ. ಅಲ್ಲಿ ಕೂರೋದು ಸೂಪರ್‌ವೈಸರ್. ಹಿಂದೆ ಕೂರೋರಿಗೆ ಇಲ್ಲ. ಬೆಳಗ್ಗೆ ನಾಲ್ಕಕ್ಕೆ ಬಿರಿಯಾನಿಗೆ ಕ್ಯೂ ನಿಲ್ಲೋ ಊರು ಅಂತ ನಮ್ಮ ಊರಿನ ರೀಲ್ಸ್ ಎಲ್ಲರೂ ನೋಡಿದ್ದೀರಾ. ಅದೇ ಕತ್ತಲಲ್ಲಿ ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ ಕಡೆಯಿಂದ ವ್ಯಾನ್ ಹತ್ತೋ ಹೆಂಗಸರ ರೀಲ್ಸ್ ಯಾರೂ ಮಾಡಲ್ಲ.

#ಹೊಸಕೋಟೆ #ಹ್ಯಾಂಡಲ್ಹಾಕ್ಸಿ

ಕಂತು 2/5

"ಬ್ರದರ್, ಹಾಕ್ಸಿದ್ರೆ ಆರ್‌ಟಿಓ ಪ್ರಾಬ್ಲಂ ಆಗುತ್ತೆ." ಓನರ್‌ಗಳು ಹೇಳೋ ಮೊದಲನೇ ನೆಪ ಇದು. ಸ್ವಲ್ಪ ಬಿಡಿಸಿ ನೋಡೋಣ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿ ಮಾರ್ಪಾಡಿನ ಬಗ್ಗೆ. ಆರ್‌ಸಿಯಲ್ಲಿರೋ ವಿವರ, ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತೆ ಅದು. ಸರಿ, ನಿಮ್ಮ ಆರ್‌ಸಿ ತೆಗೆದು ಓದಿ. ಚಾಸಿ ನಂಬರ್, ಇಂಜಿನ್ ನಂಬರ್, ಇಂಧನ, ಬಣ್ಣ, ಸೀಟುಗಳ ಸಂಖ್ಯೆ, ಖಾಲಿ ಗಾಡಿ ತೂಕ. ಬಾಗಿಲ ಪಕ್ಕದ ಹ್ಯಾಂಡಲ್ ಇದರಲ್ಲಿ ಯಾವುದನ್ನ ಬದಲಾಯಿಸ್ತು? ಇಷ್ಟಾದ್ಮೇಲೂ ಡೌಟ್ ಇದ್ರೆ ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರನ್ನೇ ಕೇಳಿ, ಎರಡು ನಿಮಿಷದ ಮಾತು.

ಈಗ ಇದೇ ಓನರ್ ಗಾಡಿ ಮುಂಭಾಗ ನೋಡಿ. ದಪ್ಪ ಸ್ಟೀಲ್ ಕ್ರ್ಯಾಶ್ ಗಾರ್ಡ್! ಅದು ಸೆಕ್ಷನ್ 52ರ ಉಲ್ಲಂಘನೆ, ನಡ್ಕೊಂಡು ಹೋಗೋರಿಗೂ ಗಾಡಿಯಲ್ಲಿ ಕೂತೋರಿಗೂ ಅಪಾಯ, ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಬೇಡ ಅಂತ ಬರೆದು ಹೇಳಿದ್ದನ್ನ ಧೈರ್ಯವಾಗಿ ಹಾಕ್ಸಿದ್ದಾರೆ. ಯಾರೂ ಬೇಡ ಅನ್ನದೇ ಇರೋದಕ್ಕೆ ಆರ್‌ಟಿಓ ಭಯ. ಕಾನೂನಿನ ಮೇಲೆ ಇಷ್ಟೊಂದು ಭಕ್ತಿ ಇದ್ರೆ ಹನ್ನೆರಡು ಸೀಟಿನ ಗಾಡಿಗೆ ಹದಿನೆಂಟು ಜನ ಯಾಕೆ ತುಂಬ್ತೀರಾ ಅಣ್ಣ?

ಇಲ್ಲಿ ಸರ್ಕಾರದ ಕಡೆಗೂ ಒಂದು ಮಾತಿದೆ. ಬಸ್ ಬಾಡಿ ಹೇಗಿರಬೇಕು ಅಂತ ಎಐಎಸ್-052 ಅನ್ನೋ ಸಂಹಿತೆ ಇದೆ. ಹಿಡಿಯೋ ಕಂಬಿ, ಮೆಟ್ಲು, ತುರ್ತು ಬಾಗಿಲು ಎಲ್ಲಾ ಅದರಲ್ಲಿ ಬರುತ್ತೆ. ಆದ್ರೆ ಅದು ಡ್ರೈವರ್ ಬಿಟ್ಟು 13 ಮತ್ತು ಅದಕ್ಕಿಂತ ಹೆಚ್ಚು ಸೀಟಿರೋ ಗಾಡಿಗೆ. ಕಾಯ್ದೆ ಪ್ರಕಾರ ಮ್ಯಾಕ್ಸಿಕ್ಯಾಬ್ ಅಂದ್ರೆ ಆರಕ್ಕಿಂತ ಹೆಚ್ಚು, ಹನ್ನೆರಡು ಮೀರದ ಪ್ರಯಾಣಿಕರ ಗಾಡಿ. ನಮ್ಮ ಹೆಂಗಸರು ದಿನಾ ಹತ್ತೋ ವ್ಯಾನ್ ಸರಿಯಾಗಿ ಆ ಗೆರೆಯ ಈಚೆ ನಿಂತಿದೆ. ಹದಿಮೂರನೇ ಸೀಟಿಗೆ ಕಂಬಿ, ಹನ್ನೆರಡನೇ ಸೀಟಿಗೆ ದೇವರೇ ಗತಿ.

ಕಂತು 3/5

ಸುಮ್ನೆ ಬೈದು ಹೋಗಲ್ಲ, ಹಾಕೋದು ಹೇಗೆ ಅಂತ ಹೇಳೇ ಹೋಗ್ತೀನಿ. ಈ ಕಂತು ಸೇವ್ ಮಾಡಿಟ್ಕೊಳ್ಳಿ, ವೆಲ್ಡಿಂಗ್ ಅಂಗಡಿಯವರಿಗೆ ತೋರ್ಸಿ.

ಮೊದಲು ಕೆಟ್ಟ ಕೆಲಸ ಯಾವುದು ಅಂತ ತಿಳ್ಕೊಳ್ಳಿ, ಯಾಕಂದ್ರೆ ಹಾಕ್ಸಿರೋ ನಾಲ್ಕು ಜನರಲ್ಲೂ ಆಗಿರೋದು ಇದೇ. ಅಂಗಡಿಯಿಂದ ಬೀರು ಬಾಗಿಲಿನ ಹಿಡಿ ತರೋದು, ಪ್ಲಾಸ್ಟಿಕ್ ಲೈನಿಂಗ್ ಮೇಲೆ ಎರಡು ಸೆಲ್ಫ್ ಸ್ಕ್ರೂ ಹೊಡೆಯೋದು, ಆಯ್ತು. ಲೈನಿಂಗ್ ಹಿಂದೆ ಇರೋ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪ ಕೂಡ ಇರಲ್ಲ. ಸ್ಕ್ರೂನ ಒಂದು ಸುತ್ತು ಹಲ್ಲು ಕಚ್ಚಿದ್ರೆ ಹೆಚ್ಚು. ಮೂರು ತಿಂಗಳು ಅಲ್ಲಾಡಿ ಅಲ್ಲಾಡಿ ತೂತು ಅಗಲ ಆಗುತ್ತೆ. ಒಂದಿನ ಯಾರೋ ಪೂರ್ತಿ ಭಾರ ಬಿಟ್ಟಾಗ ಹ್ಯಾಂಡಲ್ ಸಮೇತ ರೋಡಿಗೆ. ಹ್ಯಾಂಡಲ್ ಇಲ್ಲದಿದ್ರೆ ಅವರು ಹುಷಾರಾಗಾದ್ರೂ ಹತ್ತೋರು. ಇಂಥ ಹ್ಯಾಂಡಲ್ ಹಾಕೋದಕ್ಕಿಂತ ಹಾಕದೇ ಇರೋದೇ ವಾಸಿ. 60 ಕೆಜಿ ಮನುಷ್ಯ ಕಾಲು ಜಾರಿ ಜೋತಾಡಿದಾಗ ಆ ಜರ್ಕಿಗೆ ಹ್ಯಾಂಡಲ್ ಮೇಲೆ ಬೀಳೋದು 60 ಕೆಜಿ ಮಾತ್ರ ಅಲ್ಲ, ಅದಕ್ಕಿಂತ ತುಂಬಾ ಜಾಸ್ತಿ.

ಸರಿಯಾದ ಕೆಲಸ: ಬಾಗಿಲ ಪಕ್ಕದ ಪಿಲ್ಲರ್‌ಗೆ ಹಾಕಿ, ಬರೀ ತಗಡಿಗೆ ಬೇಡ. ಲೈನಿಂಗ್ ಬಿಚ್ಚಿ ನೋಡಿ, ಕೆಲವು ಗಾಡಿಗಳಲ್ಲಿ ಮೇಲಿನ ಮಾಡೆಲ್‌ಗೆ ಅಂತ ಕಂಪನಿಯವರೇ ಬಿಟ್ಟಿರೋ ಮರೆ ಇರೋ ತೂತು ಸಿಗುತ್ತೆ, ಹಾಗಿದ್ರೆ ಡ್ರಿಲ್ಲಿಂಗೇ ಬೇಕಿಲ್ಲ. ಇಲ್ಲ ಅಂದ್ರೆ ಬೋಲ್ಟ್ ಆರಪಾರ ಹೋಗಿ ಹಿಂದೆ ಮೂರು ಎಂಎಂ ಪಟ್ಟಿ, ವಾಷರ್, ಲಾಕ್ ನಟ್. ಹಿಂದೆ ಕೈ ಹೋಗದ ಜಾಗ ಆದ್ರೆ ಸ್ಟೀಲಿನ ರಿವೆಟ್ ನಟ್, ಅಲ್ಯೂಮಿನಿಯಂದು ಬೇಡ. ಎಂ6ಗಿಂತ ಸಣ್ಣ ಬೋಲ್ಟ್ ಬೇಡ, ಎಂ8 ಆದ್ರೆ ನಿಶ್ಚಿಂತೆ. ಡ್ರಿಲ್ ಮಾಡೋ ಮುಂಚೆ ಒಳಗೆ ವೈರಿಂಗ್ ಎಲ್ಲಿ ಹೋಗಿದೆ ನೋಡಿ. ಸೀಟ್ ಬೆಲ್ಟ್ ಬೋಲ್ಟ್ ಹತ್ರ ಮಾತ್ರ ಕೈ ಹಾಕಬೇಡಿ. ಕರ್ಟನ್ ಏರ್‌ಬ್ಯಾಗ್ ಇರೋ ಗಾಡಿ ಆದ್ರೆ ಶೋರೂಂ ಕೇಳದೆ ಮೇಲ್ಗಡೆ ಡ್ರಿಲ್ ಇಡಬೇಡಿ. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ಇಲ್ಲಾಂದ್ರೆ ಎರಡು ಮಳೆಗಾಲಕ್ಕೆ ತುಕ್ಕು.

ಎಲ್ಲಕ್ಕಿಂತ ಮುಖ್ಯ ಎತ್ತರ. ಗಂಡಸರು ನಿಂತು ನೋಡಿ ರೂಫ್ ಹತ್ರ ಹಾಕಿಸ್ತಾರೆ. ರೋಡಲ್ಲಿ ನಿಂತಿರೋ ಐದಡಿ ಹೆಂಗಸಿಗೆ ಅದು ಸಿಗಲ್ಲ. ನೇರವಾಗಿ ನಿಲ್ಲೋ ಉದ್ದನೆ ಕಂಬಿ ಬೇಕು. ಕೆಳತುದಿ, ರೋಡಲ್ಲಿ ನಿಂತೋರ ಕೈಗೆ ಸಿಗಬೇಕು. ಮೇಲ್ತುದಿ, ಒಳಗೆ ಬಂದು ಬಗ್ಗಿ ನಿಂತೋರಿಗೆ. ದಪ್ಪ ಸುಮಾರು ಮೂರು ಸೆಂಟಿಮೀಟರ್, ಬಾಡಿಗೂ ಕಂಬಿಗೂ ನಡುವೆ ಬೆರಳ ಗೆಣ್ಣು ತಾಗದಷ್ಟು ಜಾಗ. ಡೋರ್ ಪೂರ್ತಿ ಜಾರಿಸಿ ನೋಡಿ, ಕೈ ಸಿಕ್ಕಿ ಹಾಕಿಕೊಳ್ಳಬಾರದು. ಹಳದಿ ಬಣ್ಣ ಹೊಡೆಸಿ, ಕತ್ತಲಲ್ಲಿ ಕಾಣ್ಲಿ. ಹಾಕಿ ಆದ್ಮೇಲೆ ಅಂಗಡಿಯವನಿಗೇ ಜೋತು ಬೀಳೋಕೆ ಹೇಳಿ. ಅವನು ಹಿಂದೆ ಮುಂದೆ ನೋಡಿದ್ರೆ ಕೆಲಸ ಸರಿ ಆಗಿಲ್ಲ ಅಂತ ಲೆಕ್ಕ.

ಕಂತು 4/5

ಈಗ ಕಂಪನಿಗಳ ಕಡೆ ಬರ್ತೀನಿ. ಓನರ್ ಒಬ್ಬನ್ನೇ ಬೈದ್ರೆ ನ್ಯಾಯ ಅಲ್ಲ. ಅವನದು ಇಎಂಐ, ಡೀಸೆಲ್, ತಿಂಗಳ ಕೊನೆಗೆ ಬಿಲ್ ಪಾಸ್ ಆಗೋ ಟೆನ್ಷನ್.

2019ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ಹೆಂಗಸರು ರಾತ್ರಿ ಪಾಳಿ ಮಾಡಬಹುದು ಅಂತ ಅಧಿಸೂಚನೆ ಹೊರಡಿಸ್ತು, ಮನೆಯಿಂದ ಕರ್ಕೊಂಡು ಹೋಗಿ ವಾಪಸ್ ಬಿಡೋ ಗಾಡಿ ಕೊಡಬೇಕು ಅನ್ನೋ ಷರತ್ತು ಹಾಕಿ. ಒಳ್ಳೇದೇ. ಆದ್ರೆ ಗಾಡಿ ಒಪ್ಪಿಕೊಳ್ಳುವಾಗ ಟ್ರಾನ್ಸ್‌ಪೋರ್ಟ್ ಡೆಸ್ಕ್‌ನವರು ಏನು ನೋಡ್ತಾರೆ? ಇನ್ಶೂರೆನ್ಸ್, ಎಫ್‌ಸಿ, ಡ್ರೈವರ್ ಡಿಎಲ್, ಪೊಲೀಸ್ ವೆರಿಫಿಕೇಷನ್, ಜಿಪಿಎಸ್, ಫೈರ್ ಸಿಲಿಂಡರ್. ಗಾಡಿ ಎಲ್ಲಿದೆ ಅಂತ ಪ್ರತಿ ನಿಮಿಷ ಸ್ಕ್ರೀನಲ್ಲಿ ಗೊತ್ತಾಗಬೇಕು. ಗಾಡಿ ಹತ್ತೋ ಹೆಂಗಸಿನ ಕೈಗೆ ಏನು ಸಿಗುತ್ತೆ ಅಂತ ಕೇಳೋ ಕಾಲಂ ನಾನು ನೋಡಿದ ಯಾವ ಚೆಕ್‌ಲಿಸ್ಟಲ್ಲೂ ಇಲ್ಲ. ಫ್ಯಾಕ್ಟರಿ ಒಳಗೆ ಏಣಿ ಹತ್ತೋನಿಗೆ ಇದೇ ಕಂಪನಿ ಟ್ರೈನಿಂಗ್ ಕೊಡುತ್ತೆ: ಎರಡು ಕೈ ಒಂದು ಕಾಲು, ಇಲ್ಲಾ ಎರಡು ಕಾಲು ಒಂದು ಕೈ, ಯಾವಾಗ್ಲೂ ಮೂರು ಕಡೆ ಹಿಡಿತ ಇರಬೇಕು ಅಂತ. ಗೋಡೆ ಮೇಲೆ ಪೋಸ್ಟರ್ ಬೇರೆ. ಗೇಟ್ ದಾಟಿದ ತಕ್ಷಣ ಆ ಪಾಠ ಮುಗೀತು.

ನಮ್ಮ ಊರಿಗೇ ಇದು ಅವಮಾನ ಅಂತ ನಾನು ಯಾಕೆ ಹೇಳೋದು ಗೊತ್ತಾ? ವೋಲ್ವೋ ಲಾರಿಗಳು 1998ರಿಂದ ಇದೇ ಹೊಸಕೋಟೆಯಲ್ಲಿ ತಯಾರಾಗ್ತಾ ಬಂದಿವೆ, ಆಮೇಲೆ ಬಸ್ಸೂ ಬಂತು. ಇವತ್ತು ಎಲ್ಲಾ ಕಾರಲ್ಲೂ ಇರೋ, ಎದೆ ಮೇಲೂ ಸೊಂಟದ ಮೇಲೂ ಬರೋ ಸೀಟ್ ಬೆಲ್ಟನ್ನ 1959ರಲ್ಲಿ ರೂಪಿಸಿದ್ದು ಆ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್. ಪೇಟೆಂಟ್ ಇಟ್ಕೊಂಡು ದುಡ್ಡು ಮಾಡ್ಕೊಳ್ಳದೆ ಬೇರೆ ಕಂಪನಿಗಳೂ ಬಳಸೋಕೆ ಬಿಟ್ಟರು. ಇಲ್ಲಿಂದ ಹೊರಟ ಬಸ್ಸಿನ ಬಾಗ್ಲಲ್ಲಿ ಹಿಡಿಯೋ ಕಂಬಿ ಇದೆ. ಅದೇ ರೋಡಲ್ಲಿ ಪಿಳ್ಳಗುಂಪೆ ಕಡೆಗೋ ನರಸಾಪುರದ ಕಡೆಗೋ ಹೋಗೋ ವ್ಯಾನಲ್ಲಿ ಇಲ್ಲ. ಕಬ್ಬಿಣ ಬಗ್ಸೋಕೆ, ಬೋಲ್ಟ್ ಹಾಕೋಕೆ ಬರೋ ಕೈಗಳಿಗೆ ಈ ತಾಲ್ಲೂಕಲ್ಲಿ ಬರಗಾಲ ಇಲ್ಲ.

ಕಂತು 5/5

ಡಿಎಂನಲ್ಲಿ ಬಂದಿರೋ ಮಾತುಗಳಿಗೆ ಉತ್ತರ.

"ಇಷ್ಟು ವರ್ಷ ಇಲ್ಲದೇ ನಡೀತಲ್ಲ." ನಡೆದಿಲ್ಲ ಸ್ವಾಮಿ. ಬಿದ್ದೋರು ಹೇಳ್ಕೊಂಡಿಲ್ಲ. ಕಾಲು ಉಳುಕಿ ಎರಡು ದಿನ ರಜೆ ಹಾಕಿದ್ರೆ ಎರಡು ದಿನದ ಸಂಬಳ ಹೋಗುತ್ತೆ. "ವ್ಯಾನ್ ಹತ್ತುವಾಗ ಬಿದ್ದೆ" ಅಂದ್ರೆ ನೋಡ್ಕೊಂಡು ಹತ್ತೋಕಾಗಲ್ವಾ ಅಂತ ಅವರಿಗೇ ಬೈಗುಳ. ಅದಕ್ಕೆ ಮನೇಲಿ ಬಚ್ಚಲಲ್ಲಿ ಜಾರಿದೆ ಅಂತ ಬರೆಸ್ತಾರೆ.

"ಡ್ರೈವರ್ ನಿಧಾನ ಮಾಡಿದ್ರೆ ಸಾಕು." ಮಾಡ್ಲಿ, ಬೇಡ ಅಂದೋರ್ಯಾರು. ನಿಂತಿರೋ ಗಾಡಿಯಲ್ಲೂ ಒದ್ದೆ ಮೆಟ್ಲು ಜಾರುತ್ತೆ.

"ಫ್ರೀ ಬಸ್ ಇದೆಯಲ್ಲ, ಅದ್ರಲ್ಲಿ ಹೋಗ್ಲಿ." ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಸಂತೋಷ. ಬೆಳಗಿನ ಜಾವದ ಶಿಫ್ಟಿಗೆ ಒಳಗಡೆ ಹಳ್ಳಿಯಿಂದ ಆ ಹೊತ್ತಿಗೆ ಬಸ್ ತೋರಿಸಿ, ನಾನೇ ಹತ್ತಿಸಿ ಕಳಿಸ್ತೀನಿ.

"ಖರ್ಚು ಯಾರು ಕೊಡ್ತಾರೆ?" ಹಳೇ ಪೈಪು, ಎರಡು ಪಟ್ಟಿ, ನಾಲ್ಕು ಬೋಲ್ಟು, ಒಂದು ಗಂಟೆ ಕೂಲಿ. ಆ ನೀಲಿ ಲೈಟಿಗೆ ಕೊಟ್ಟಿದ್ದಕ್ಕಿಂತ ಕಮ್ಮಿ. ಒಂದೇ ಷರತ್ತು: ಹೆಂಗಸರ ಹತ್ರ ತಲಾ ಐವತ್ತು ರೂಪಾಯಿ ಎತ್ತಬೇಡಿ. ಒಬ್ಬ ಓನರ್ ಅದೇ ಐಡಿಯಾ ಕೊಟ್ಟರು, ಅವರ ಹೆಸರು ಹಾಕ್ತಿಲ್ಲ.

"ನಮ್ಮದು ಗೂಡ್ಸ್ ಗಾಡಿ, ಕೂಲಿಯವರನ್ನ ಹಿಂದೆ ನಿಲ್ಲಿಸ್ಕೊಂಡು ಹೋಗ್ತೀವಿ, ಅದಕ್ಕೂ ಹಾಕ್ಸಬಹುದಾ?" ಇದಕ್ಕೆ ಹ್ಯಾಂಡಲ್ ಉತ್ತರ ಅಲ್ಲ. ಸಾಮಾನಿನ ಗಾಡೀಲಿ ಜನ ತುಂಬೋದನ್ನ ಮೊದಲು ನಿಲ್ಲಿಸಿ.

ಹೆಂಗಸರಿಗೆ: ಶಿಫ್ಟ್ ಮುಗಿಸಿ ಹತ್ತುವಾಗ ಬಾಗಿಲಿನ ಒಂದು ಫೋಟೋ ತೆಗೀರಿ, ಮುಖ, ನಂಬರ್ ಪ್ಲೇಟ್, ಕಂಪನಿ ಹೆಸರು ಕಾಣ್ದಂಗೆ. ನಿಮ್ಮ ಹೆಸರು ನನಗೂ ಬೇಡ. ಫ್ಯಾಕ್ಟರಿಯಲ್ಲಿ ಸುರಕ್ಷತಾ ಸಮಿತಿ ಇದ್ರೆ ಮುಂದಿನ ಮೀಟಿಂಗಲ್ಲಿ ಇದನ್ನ ಬರವಣಿಗೆಯಲ್ಲಿ ಕೇಳಿ, ಒಬ್ಬರೇ ಅಲ್ಲ, ಒಂದು ವ್ಯಾನಿನವರೆಲ್ಲ ಸೈನ್ ಹಾಕಿ.

ಓನರ್‌ಗಳಿಗೆ: ಹಾಕ್ಸಿದ್ರೆ ಹಿಂದಿನ ಪಟ್ಟಿ, ನಟ್ ಕಾಣೋ ಹಾಗೆ ಫೋಟೋ ಕಳಿಸಿ, ನಿಮ್ಮ ಗಾಡಿ ಹೆಸರು ಸಮೇತ ಸ್ಟೋರಿಗೆ ಹಾಕ್ತೀನಿ. ಲೈನಿಂಗ್ ಮೇಲೆ ಸ್ಕ್ರೂ ಹೊಡೆದಿರೋ ಫೋಟೋ ಕಳಿಸಿದ್ರೆ ಅದನ್ನೂ ಹಾಕ್ತೀನಿ, ಹೆಸರು ಬಿಟ್ಟು.

#ಹೊಸಕೋಟೆ #ಹ್ಯಾಂಡಲ್ಹಾಕ್ಸಿ #ಶಿಫ್ಟ್‌ವ್ಯಾನ್