ಪೈಲಟ್‌ಗೂ ನಿದ್ದೆ ಬೇಕು

ವಿಮಾನ ಏರುವ ಮುನ್ನ ಪೈಲಟ್ ಮದ್ಯ ಸೇವಿಸಿದ್ದಾರೆಯೇ ಎಂದು ನಮ್ಮ ದೇಶದಲ್ಲಿ ಉಸಿರಿನ ಪರೀಕ್ಷೆ ಮಾಡುತ್ತಾರೆ. ಒಳ್ಳೆಯ ಕ್ರಮವೇ. ಆದರೆ ಹಿಂದಿನ ರಾತ್ರಿ ಅವರು ಸರಿಯಾಗಿ ನಿದ್ದೆ ಮಾಡಿದ್ದಾರೆಯೇ ಎಂದು ಊದಿಸಿ ನೋಡುವ ಯಂತ್ರ ಇಲ್ಲ. ಆ ಕೆಲಸವನ್ನು ಕರ್ತವ್ಯದ ವೇಳಾಪಟ್ಟಿಯೇ ಮಾಡಬೇಕು.

ನಿದ್ದೆಗೇಡು ಮತ್ತು ಮದ್ಯದ ಅಮಲು ಒಂದಕ್ಕೊಂದು ಹತ್ತಿರದ ನಂಟು. 17 ಗಂಟೆ ಸತತವಾಗಿ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮಲ್ಲಿ ಸ್ಕೂಟರ್ ಓಡಿಸುವವನಿಗೂ ಇರುವ ಮಿತಿ ಶೇ 0.03. ಇದರ ಜೊತೆಗೆ ದೇಹದೊಳಗಿನ ಗಡಿಯಾರವೂ ಇದೆ. ರಾತ್ರಿ 2ರಿಂದ ಬೆಳಗಿನ 6 ಗಂಟೆಯವರೆಗೆ ದೇಹದ ಉಷ್ಣತೆ ಇಳಿದು ಮೆದುಳಿನ ಚುರುಕು ತಗ್ಗುತ್ತದೆ. ಎಷ್ಟು ಕಾಫಿ ಕುಡಿದರೂ ಈ ಗಡಿಯಾರ ಪೂರ್ತಿ ಮಣಿಯುವುದಿಲ್ಲ.

ಕನ್ನಡಿಗರಿಗೆ ಇದರ ಬೆಲೆ ಗೊತ್ತಿದೆ. 2010ರ ಮೇ 22ರ ಬೆಳಿಗ್ಗೆ 6 ಗಂಟೆಯ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿತು. 158 ಜನ ಸತ್ತರು, 8 ಮಂದಿ ಮಾತ್ರ ಉಳಿದರು. ಕ್ಯಾಪ್ಟನ್ ಹಾರಾಟದ ವೇಳೆ ದೀರ್ಘಕಾಲ ನಿದ್ರಿಸಿದ್ದರು, ಎದ್ದ ಮೇಲೂ ಉಳಿಯುವ ನಿದ್ದೆಯ ಮಂಪರು ಅವರ ವಿವೇಚನೆಯನ್ನು ಕುಂದಿಸಿರಬಹುದು ಎಂದು ತನಿಖೆ ಹೇಳಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತು. ರಾತ್ರಿ ಪಾಳಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿತು. ಮುಂದೂಡಿ ಮುಂದೂಡಿ, ಕೊನೆಗೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಇದು ಜಾರಿಯಾಯಿತು. ಡಿಸೆಂಬರ್‌ನಲ್ಲಿ ಇಂಡಿಗೊ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಮದುವೆಗೆ, ಪರೀಕ್ಷೆಗೆ, ಆಸ್ಪತ್ರೆಗೆ ಹೊರಟವರು ನಿಲ್ದಾಣಗಳಲ್ಲಿ ಪರದಾಡಿದರು. ಆಗ ಸರ್ಕಾರ ಆ ಸಂಸ್ಥೆಗೆ ರಾತ್ರಿ ಪಾಳಿಯ ನಿಯಮಗಳನ್ನು 2026ರ ಫೆಬ್ರುವರಿ 10ರವರೆಗೆ ಸಡಿಲಿಸಿತು.

ಪ್ರಯಾಣಿಕರ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ನಿಯಮದ ಮೇಲೆ ತಿರುಗಬಾರದು. ಪೈಲಟ್ ಒಂದು ದಿನದಲ್ಲಿ ತಯಾರಾಗುವುದಿಲ್ಲ, ನಿಜ. ಅದಕ್ಕಾಗಿಯೇ ಸಿದ್ಧತೆಗೆ ಸುಮಾರು ಎರಡು ವರ್ಷದ ಕಾಲಾವಕಾಶ ಇತ್ತು. ಜನರ ಜೀವ ಕಾಯುವ ನಿಯಮವನ್ನು ಜನರ ಪರದಾಟದ ಹೆಸರಿನಲ್ಲೇ ಸಡಿಲಿಸುವುದು ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರ್ ಒಡೆದಂತೆ.

ಹಾಗೆಂದು ಗಂಟೆ ಎಣಿಸಿದರೆ ಸಾಲದು. ಮಂಗಳೂರಿನ ಕ್ಯಾಪ್ಟನ್‌ಗೆ ಹಾರಾಟಕ್ಕೆ ಮುಂಚೆ ಸಾಕಷ್ಟು ವಿಶ್ರಾಂತಿಯ ಅವಧಿ ಸಿಕ್ಕಿತ್ತು ಎಂದೇ ವರದಿ ಹೇಳುತ್ತದೆ. ಬಿಡುವು ಸಿಕ್ಕ ಮಾತ್ರಕ್ಕೆ ನಿದ್ದೆ ಬರುವುದಿಲ್ಲ. ಇಂದು ಹಗಲು, ನಾಳೆ ರಾತ್ರಿ ಎಂದು ಪಾಳಿ ಬದಲಾಗುತ್ತಿದ್ದರೆ ಹಾಸಿಗೆಯಲ್ಲಿ ಹೊರಳಾಡುವುದೇ ಆಗುತ್ತದೆ. ಆದ್ದರಿಂದ ಪಾಳಿಗಳಲ್ಲಿ ಸ್ಥಿರತೆ ಬೇಕು. ಗೊರಕೆ, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇದ್ದವರಿಗೆ ಚಿಕಿತ್ಸೆ ಸಿಗಬೇಕು. ‘ಇಂದು ದಣಿದಿದ್ದೇನೆ, ಹಾರಲಾರೆ’ ಎಂದವರಿಗೆ ಶಿಕ್ಷೆ ಆಗಬಾರದು. ಹಿರಿಯರು ತಪ್ಪಿದಾಗ ಬಾಯಲ್ಲಿ ಹೇಳಿ ಸುಮ್ಮನಾಗದೆ, ನಿಯಂತ್ರಣವನ್ನೇ ತೆಗೆದುಕೊಳ್ಳುವ ಧೈರ್ಯವನ್ನು ತರಬೇತಿ ಕೊಡಬೇಕು.

ವಿಮಾನ ಹತ್ತದ ಓದುಗರಿಗೂ ಇದು ಅನ್ವಯಿಸುತ್ತದೆ. ಹಗಲೆಲ್ಲ ದೇವಸ್ಥಾನ ಸುತ್ತಿಸಿದ ಡ್ರೈವರ್‌ಗೆ ರಾತ್ರಿಯೇ ಧರ್ಮಸ್ಥಳದಿಂದ ಘಾಟಿ ಹತ್ತಲು ಹೇಳುವವರು ನಾವೇ ಅಲ್ಲವೇ? ಅವನಿಗೊಂದು ಕೋಣೆ ಕೊಡಿಸಿ, ಬೆಳಿಗ್ಗೆ ಹೊರಡಿ. ಮನೆಗೆ ಅರ್ಧ ದಿನ ತಡವಾದರೂ ಎಲ್ಲರೂ ತಲುಪಬೇಕು.