ಹತ್ತು ಸಿಟ್ಟಿಂಗ್ ಮೂರಾದಾಗ

ಕಡೂರಿನಲ್ಲಿ ನನ್ನನ್ನು ಕರೆಯುವುದೇ 'ಕರೆಂಟ್ ಮೇಡಂ' ಎಂದು. ಫಿಸಿಯೋಥೆರಪಿ ಎಂದು ಬೋರ್ಡ್ ಬರೆಸಿ ಹನ್ನೊಂದು ವರ್ಷವಾಯಿತು. ಜನರ ಲೆಕ್ಕದಲ್ಲಿ ನಾನು ಇವತ್ತಿಗೂ ಸೊಂಟಕ್ಕೆ ಪ್ಯಾಡ್ ಅಂಟಿಸಿ ಜುಮ್ಮೆನ್ನಿಸುವವಳು. ಬೇಸರಪಡುವ ಹಾಗಿಲ್ಲ. ಮೊದಲ ಆರು ವರ್ಷ ನಾನು ಮಾಡಿದ್ದೂ ಹೆಚ್ಚುಕಮ್ಮಿ ಅದನ್ನೇ.

ಆ ಆರನೇ ವರ್ಷ, ಈರುಳ್ಳಿ ಸುಗ್ಗಿಯಲ್ಲಿ ಅಜ್ಜಂಪುರದ ಕಡೆಯ ಹಮಾಲಿಯೊಬ್ಬರು ಬಂದರು. ಚೀಲ ಎತ್ತುವಾಗ ಸೊಂಟ ಹಿಡಿದು, ನೋವು ಎರಡೂ ಕಾಲಿಗೆ ಇಳಿದಿತ್ತು. ಟ್ರಾಕ್ಷನ್ ಹಾಕಿದೆ, ಕರೆಂಟ್ ಕೊಟ್ಟೆ. ನಾಲ್ಕನೇ ದಿನ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಒಂದಕ್ಕೆ ಹೋಗೋದೂ ಇವರಿಗೆ ಗೊತ್ತಾಗ್ತಿಲ್ಲ ಮೇಡಂ" ಎಂದರು. ನನ್ನ ಕೈ ತಣ್ಣಗಾಯಿತು.

ಬೆನ್ನೆಲುಬಿನ ಕೆಳಭಾಗದಲ್ಲಿ ಕುದುರೆಯ ಬಾಲದ ಹಾಗೆ ಹರಡಿಕೊಂಡ ನರಗಳ ಗೊಂಚಲಿದೆ. ಜಾರಿದ ಡಿಸ್ಕ್ ಅದನ್ನು ಒತ್ತಿದರೆ ಕೂರುವ ಜಾಗ ಜೋಮು ಹಿಡಿಯುತ್ತದೆ, ಮಲಮೂತ್ರದ ಹಿಡಿತ ತಪ್ಪುತ್ತದೆ. ಆಪರೇಷನ್ ಗಂಟೆಗಳ ಲೆಕ್ಕದಲ್ಲಿ ಆಗಬೇಕು. ಅವರನ್ನು ಶಿವಮೊಗ್ಗಕ್ಕೆ ಕಳಿಸುವ ಹೊತ್ತಿಗೆ ದಿನಗಳೇ ಕಳೆದಿದ್ದವು. ಈಗ ನಡೆಯುತ್ತಾರೆ. ಮೂತ್ರದ ಹಿಡಿತ ಪೂರ್ತಿ ಬರಲಿಲ್ಲ.

ಮಲಮೂತ್ರದ ಹಿಡಿತ ಸರಿಯಿದೆಯೇ ಎಂಬುದು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ರೋಗಿಯ ಮುಂದೆ ನಿಂತಾಗ ಬಾಯಿಗೆ ಬರಲಿಲ್ಲ. ಫಿಸಿಯೋಥೆರಪಿಯಲ್ಲಿ ನಾಲ್ಕೂವರೆ ವರ್ಷದ ಪದವಿ (ಬಿಪಿಟಿ), ಎರಡು ವರ್ಷದ ಸ್ನಾತಕೋತ್ತರ ಪದವಿ (ಎಂಪಿಟಿ) ಎರಡೂ ಮುಗಿದಿದ್ದವು. ಆದರೂ ನಾನು ಮತ್ತೊಂದು ವರ್ಷದ ಫೆಲೋಶಿಪ್‌ಗೆ ಬೆಂಗಳೂರಿಗೆ ಹೋದದ್ದು ಆ ಒಂದು ಪ್ರಶ್ನೆಯ ಬೆನ್ನುಹತ್ತಿ.

ಮಗಳಿಗೆ ಆಗ ನಾಲ್ಕು ವರ್ಷ. ತರೀಕೆರೆಯಲ್ಲಿ ಅತ್ತೆಯ ಹತ್ತಿರ ಬಿಟ್ಟೆ. "ಮದುವೆಯಾಗಿ ಮಗುವಾದ ಮೇಲೆ ಇನ್ನೆಂಥಾ ಓದು?" ಎಂದು ಬೀದಿಯವರು ಕೇಳಿದ್ದಕ್ಕೆ ಅತ್ತೆಯೇ, "ಅಡಿಕೆ ಸಸಿ ಇಟ್ಟ ವರ್ಷವೇ ಗೊನೆ ಬಿಡ್ತದಾ?" ಎಂದು ಬಾಯಿ ಮುಚ್ಚಿಸಿದರಂತೆ. ಕ್ಲಿನಿಕ್ ಬಾಡಿಗೆ ಕಟ್ಟುತ್ತಲೇ ಇರಬೇಕಿತ್ತು. ಕೈಗೆ ಬರುತ್ತಿದ್ದ ಸ್ಟೈಪೆಂಡ್ ಪೀಜಿಗೂ ಊಟಕ್ಕೂ ಸರಿಹೋಗುತ್ತಿತ್ತು. ಶನಿವಾರ ರಾತ್ರಿಯ ರೈಲಿನಲ್ಲಿ ನಿದ್ದೆಗಣ್ಣಲ್ಲೇ ತರೀಕೆರೆಯಲ್ಲಿ ಇಳಿದರೆ, ಭಾನುವಾರ ಸಂಜೆ ಮಗಳು ನನ್ನ ಚಪ್ಪಲಿ ಬಚ್ಚಿಡುತ್ತಿದ್ದಳು. ಫೆಲೋಶಿಪ್ ಮುಗಿಸಿದವರ ಹೆಸರಿನ ಮುಂದೆ ಇರುವ ಅಕ್ಷರಗಳನ್ನು ನೋಡುವವರಿಗೆ ಈ ಖರ್ಚು ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಹೊಸ ಪಾಠ ಹೆಚ್ಚಿರಲಿಲ್ಲ. ನಾನು ರೋಗಿಯನ್ನು ನೋಡುವಾಗ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಗುರುಗಳು ಕೂರುತ್ತಿದ್ದರು. ಅರ್ಧ ಗಂಟೆ ಒಂದು ಮಾತೂ ಇಲ್ಲ. ರೋಗಿ ಹೋದ ಮೇಲೆ ಕೇಳುತ್ತಿದ್ದರು: "ನಿಮ್ಮ ಊಹೆ ತಪ್ಪಾಗಿದ್ದರೆ ಅದು ನಿಮಗೆ ಯಾವುದರಿಂದ ಗೊತ್ತಾಗುತ್ತಿತ್ತು?" ಮೊದಲ ತಿಂಗಳು ನನ್ನಲ್ಲಿ ಉತ್ತರವೇ ಇರಲಿಲ್ಲ. ಅಮೃತಮಹಲ್ ಸೀಮೆಯಲ್ಲಿ ಬೆಳೆದ ನನ್ನ ಅಜ್ಜ ಎತ್ತು ಕೊಳ್ಳುವಾಗ ಮೊದಲು ನಾಲ್ಕು ಮಾರು ನಡೆಸಿ ನೋಡುತ್ತಿದ್ದ, ಆಮೇಲೆ ಮೈ ಮುಟ್ಟುತ್ತಿದ್ದ. ನಾನು ಆರು ವರ್ಷ ಮನುಷ್ಯರನ್ನು ನಡೆಸದೆ, ಕೇಳದೆ, ನೇರ ಮಂಚಕ್ಕೆ ಹತ್ತಿಸಿದ್ದೆ.

ಊರಿಗೆ ವಾಪಸ್ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ನನ್ನ ಕೆಲಸ ಸುಧಾರಿಸಿತು, ಸಂಪಾದನೆ ಇಳಿಯಿತು.

ಅಡಿಕೆ ಸುಲಿಯುವ ಹೆಂಗಸರನ್ನೇ ತೆಗೆದುಕೊಳ್ಳಿ. ಸುಲಿಯುವ ಮೆಷಿನ್ ಬಂದಿದ್ದರೂ ತರೀಕೆರೆ ಕಡೆ ಕತ್ತಿಯ ಮುಂದೆ ಕೂರುವವರು ಇನ್ನೂ ಇದ್ದಾರೆ. ಬೆಳಗಿಂದ ಬೆನ್ನು ಮುಂದಕ್ಕೆ ಬಾಗಿಯೇ ಇರುತ್ತದೆ, ಸಂಜೆಗೆ ಎದ್ದು ನಿಂತರೆ ನೆಟ್ಟಗಾಗುವುದಿಲ್ಲ. ಇಂಥವರಿಗೆ ಹಿಂದೆ ಹತ್ತು ಸಿಟ್ಟಿಂಗ್ ಬರೆಯುತ್ತಿದ್ದೆ. ಈಗ ಮಾಡುವುದರ ಬೇರು ಒಂದು ಹಳೇ ಘಟನೆಯಲ್ಲಿದೆ. 1956ರಲ್ಲಿ ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್‌ನ ರೋಗಿಯೊಬ್ಬ, ತಲೆಯ ಕಡೆ ಎತ್ತಿಟ್ಟಿದ್ದ ಮಂಚದ ಮೇಲೆ ಬೋರಲು ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿ, ವಾರಗಳಿಂದ ಬಿಡದ ಕಾಲುನೋವು ಇಳಿಯಿತು. ಯಾವ ಬೆನ್ನು ಯಾವ ಕಡೆ ಬಾಗಿದರೆ ನೋವು ಹಿಮ್ಮೆಟ್ಟುತ್ತದೆ ಎಂದು ಪರೀಕ್ಷಿಸುವ ಒಂದು ಪದ್ಧತಿಯೇ ಆ ಆಕಸ್ಮಿಕದಿಂದ ಬೆಳೆಯಿತು. ಈಗ ನಾನು ಮೊದಲ ದಿನ ಮುಕ್ಕಾಲು ಗಂಟೆ ಕೂತು ಅದನ್ನು ನೋಡುತ್ತೇನೆ. ಹಿಂದಕ್ಕೆ ಬಾಗಿದಾಗ ಇಳಿಯುವ ನೋವಾದರೆ, ಸುಲಿಯುವಾಗ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈಕೊಟ್ಟು ಹತ್ತು ಸಲ ಹಿಂದಕ್ಕೆ ಬಾಗಲು ಹೇಳಿಕೊಡುತ್ತೇನೆ. ಬಹಳ ಮಂದಿಗೆ ಮೂರು ಸಿಟ್ಟಿಂಗ್ ಸಾಕು.

ಒಂದು ಸಿಟ್ಟಿಂಗ್‌ಗೆ 250 ರೂಪಾಯಿ. ಹತ್ತಕ್ಕೆ 2,500 ಬರುತ್ತಿದ್ದ ಕಡೆ 750. ಮೇಲಿಂದ, "ಕರೆಂಟೇ ಕೊಡಲಿಲ್ಲ, ಬರೀ ಮಾತಾಡಿ ದುಡ್ಡು ತಗೊಂಡ್ರು" ಎಂಬ ದೂರು. ಸಿಟ್ಟಿಂಗ್ ಲೆಕ್ಕದಲ್ಲಿ ದುಡ್ಡು ಸಿಗುವ ಕಸುಬಿನಲ್ಲಿ, ಬೇಗ ವಾಸಿ ಮಾಡುವುದನ್ನು ಕಲಿತವನಿಗೆ ದಂಡ ಬೀಳುತ್ತದೆ. ನನ್ನ ಜೊತೆ ಫೆಲೋಶಿಪ್ ಮಾಡಿದ ಮೂವರಲ್ಲಿ ಇಬ್ಬರು ವಿದೇಶಕ್ಕೆ ಹೋದರು, ಒಬ್ಬ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿದ್ದಾನೆ. ಊರಿನ ಮೇಲೆ ಪ್ರೀತಿಯಿಲ್ಲದೆ ಹೋದವರಲ್ಲ. ಕಲಿತದ್ದಕ್ಕೆ ಬೆಲೆ ಇರುವ ಕಡೆ ಹೋದರು, ಅಷ್ಟೆ.

ಹಾಗಾದರೆ ಏನು ಮಾಡಬೇಕು?

ಮೊದಲು ಫೆಲೋಶಿಪ್ ಎಂಬ ಮಾತಿಗೆ ಮಾನ ಬರಬೇಕು. ಇವತ್ತು ಎರಡು ವಾರಾಂತ್ಯ ಹೋಟೆಲ್ ಹಾಲಿನಲ್ಲಿ ಕೂತು ಬಂದವರೂ ಆ ಸರ್ಟಿಫಿಕೇಟನ್ನು ಗೋಡೆಗೆ ಹಾಕುತ್ತಾರೆ. ಆರೋಗ್ಯ ಕ್ಷೇತ್ರದ ಸಹವೃತ್ತಿಗಳಿಗೆಂದೇ 2021ರಲ್ಲಿ ಕಾಯ್ದೆ ಬಂದು, ರಾಷ್ಟ್ರೀಯ ಆಯೋಗವೂ ಆಗಿದೆ. ಗುರುವಿನ ಕಣ್ಣೆದುರು ಎಷ್ಟು ಗಂಟೆ ರೋಗಿಗಳನ್ನು ನೋಡಿದರೆ ಅದು ಫೆಲೋಶಿಪ್ ಎಂದು ಆಯೋಗ ಬರೆದಿಡಲಿ. ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ 'ಡಾ.' ಹಾಕಿಕೊಳ್ಳಬೇಕೇ ಬೇಡವೇ ಎಂಬ ಜಗಳಕ್ಕಿಂತ ಇದು ನನಗೆ ಮುಖ್ಯ.

ಎರಡನೆಯದು ಹುದ್ದೆ. ಹಿರಿಯರ ಆರೋಗ್ಯಕ್ಕಾಗಿ 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಜಿಲ್ಲಾ ಆಸ್ಪತ್ರೆಗೆ ಫಿಸಿಯೋಥೆರಪಿ ಘಟಕವನ್ನು ಸೇರಿಸಲಾಗಿತ್ತು. ಆದರೆ ಲಕ್ವ ಹೊಡೆದ ಅಜ್ಜಿಯನ್ನು ಕಾರು ಮಾಡಿಕೊಂಡು ದಿನಾ ಜಿಲ್ಲಾ ಕೇಂದ್ರಕ್ಕೆ ಒಯ್ಯಲು ಎಷ್ಟು ಮನೆಗೆ ಸಾಧ್ಯ? ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯಂ ಹುದ್ದೆ ಇರಲಿ. ವೈದ್ಯರಿಗೆ ಸ್ನಾತಕೋತ್ತರ ಪದವಿಗೆ ಹೆಚ್ಚು ಸಂಬಳ ಕೊಡುವ ಹಾಗೆ, ಹೆಚ್ಚಿನ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗೂ ಭತ್ಯೆ ಇರಲಿ. ತಿಂಗಳ ಸಂಬಳ ಬರುವವಳಿಗೆ ರೋಗಿಯನ್ನು ಮೂರೇ ದಿನದಲ್ಲಿ ಮನೆಗೆ ಕಳಿಸಲು ಭಯವಿರುವುದಿಲ್ಲ.

ಮೂರನೆಯದು ಖರ್ಚಿಲ್ಲದ್ದು. ಎಲ್ಲರೂ ಮಗುವನ್ನು ಬಿಟ್ಟು ಬೆಂಗಳೂರಿಗೆ ಹೋಗಲಾರರು, ಹೋಗಲೂಬಾರದು. ಬರಬೇಕಾದ್ದು ಗುರು. ಹುಬ್ಬಳ್ಳಿಯ ಹಳಿಯೂ ಶಿವಮೊಗ್ಗದ ಹಳಿಯೂ ಕವಲೊಡೆಯುವ ಬೀರೂರು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿಗೆ ನಡುವಣ ಜಾಗ. ಅಲ್ಲಿ ತಿಂಗಳ ಎರಡನೇ ಭಾನುವಾರ ನಾವು ಐದು ಜನ ಸೇರುತ್ತೇವೆ. ತಲೆಗೊಂದು ಕೇಸು, ಅದೂ ದಾರಿ ತಪ್ಪಿದ ಕೇಸು. ಗುರುಗಳು ವಿಡಿಯೋ ಕಾಲ್‌ನಲ್ಲಿ ಅದೇ ಹಳೇ ಪ್ರಶ್ನೆ ಕೇಳುತ್ತಾರೆ. ಸರ್ಟಿಫಿಕೇಟ್ ಇಲ್ಲ, ಕಾಫಿ ಮಂಡಕ್ಕಿ ಖರ್ಚು ಹಂಚಿಕೊಳ್ಳುತ್ತೇವೆ. ವಿಶ್ವವಿದ್ಯಾಲಯವೊಂದು ಇದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಊರು ಬಿಡದೆಯೂ ಫೆಲೋಶಿಪ್ ಆದೀತು.

ಮಂಗಳವಾರಗಳಂದು ಅಜ್ಜಂಪುರದಲ್ಲಿ ಕೂರುತ್ತೇನೆ. ಹೋದ ಸುಗ್ಗಿಯಲ್ಲಿ ಆ ಹಮಾಲಿ ಅಲ್ಲಿಗೆ ಬಂದರು. ನಡೆದದ್ದನ್ನು ನಾನೇ ಹಿಂದೊಮ್ಮೆ ಅವರ ಮನೆಗೆ ಹೋಗಿ ಹೇಳಿದ್ದೆ, ನನ್ನ ತಪ್ಪನ್ನೂ. ಈ ಸಲ ಸೊಂಟ ಹಿಡಿದುಕೊಂಡಿದ್ದ ಹುಡುಗನೊಬ್ಬನನ್ನು ಕರೆತಂದಿದ್ದರು. ಬಾಗಿಲಲ್ಲೇ ನಿಂತು, "ಇವನಿಗೆ ಅದನ್ನ ಕೇಳಿ ಮೇಡಂ, ನಾಚ್ಕೊತಾನೆ" ಎಂದರು.

ಕೇಳಿದೆ. ಹುಡುಗನಿಗೆ ಎಲ್ಲ ಸರಿಯಿತ್ತು. ಮೂರೇ ಸಿಟ್ಟಿಂಗ್‌ನಲ್ಲಿ ಮನೆಗೆ ಕಳಿಸಿದೆ.