ಹೊಳೆಯ ನೀರು, ಇನ್ನೊಬ್ಬರ ಕೊಡ

ಹಳಿಯಾಳದಿಂದ ದಾಂಡೇಲಿಗೆ, ದಾಂಡೇಲಿಯಿಂದ ಜೋಯಿಡಾಕ್ಕೆ ಓಡುವ ಕೆಂಪು ಬಸ್ಸು ಈಗ ಮೊಬೈಲಿನೊಳಗೂ ಓಡುತ್ತದೆ. ಇಂಡೊನೇಷ್ಯಾದ ಮಲೆಯೊ ಸಂಸ್ಥೆ 2017ರಲ್ಲಿ ಹೊರತಂದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಎಂಬ ಆಟ ಹೊರಗಿನವರು ತಯಾರಿಸಿದ ವಾಹನಗಳನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಹೀಗೆ ಆಡುವವರೇ ಮಾಡಿ ಸೇರಿಸುವುದಕ್ಕೆ ಮಾಡ್ ಎನ್ನುತ್ತಾರೆ. ಜಾವಾದ ಹೆದ್ದಾರಿಯಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ವೇಗದೂತ ಹಾರ್ನ್ ಹೊಡೆಯುತ್ತ ಹೋಗುವುದನ್ನು ಕಂಡರೆ ನಗುವೂ ಬರುತ್ತದೆ, ಅಭಿಮಾನವೂ ಉಕ್ಕುತ್ತದೆ. ನಮ್ಮ ಕಡೆಯ ಬಸ್ಸನ್ನು ಆಟದೊಳಗೆ ತರುವ ಉಸಾಬರಿ ಯಾವ ದೊಡ್ಡ ಕಂಪನಿಗೂ ಇಲ್ಲ. ತಂದವರು ಈ ಹವ್ಯಾಸಿಗಳೇ. ಅವರ ಕೆಲಸವನ್ನು ಕಳ್ಳತನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಆ ಕೆಲಸದ ಒಂದು ಭಾಗಕ್ಕೆ ಕಳ್ಳತನವಲ್ಲದೆ ಬೇರೆ ಹೆಸರಿಲ್ಲ ಎಂಬುದೂ ಅಷ್ಟೇ ನಿಜ.

ಮಾಡ್ ಹೇಗೆ ತಯಾರಾಗುತ್ತದೆ ಎಂದು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬಸ್ಸಿಗೆ ಮೊದಲು ಬೇಕಾದದ್ದು ಮೈಕಟ್ಟು: ಸಾವಿರಾರು ತ್ರಿಕೋನಗಳನ್ನು ಅಂಚಿಗೆ ಅಂಚು ಜೋಡಿಸಿ ಎಬ್ಬಿಸಿದ ಮೂರು ಆಯಾಮದ ಮಾಡೆಲ್. ಅದರ ಮೇಲೆ ಬಣ್ಣ, ಅಂದರೆ ಟೆಕ್ಸ್ಚರ್. ಬಸ್ಸಿನ ಎಡಬದಿ, ಬಲಬದಿ, ಮುಂಭಾಗ, ಹಿಂಭಾಗಗಳೆಲ್ಲ ಒಂದೇ ಚೌಕದಲ್ಲಿ ಚಪ್ಪಟೆಯಾಗಿ ಹರಡಿಕೊಂಡಿರುವ ಚಿತ್ರವಿದು. ಕೆಂಪು ಬಳಿದು ‘ವೇಗದೂತ’ ಎಂದು ಬರೆಯುವುದು, ಕಿಟಕಿಯ ಕೆಳಗಿನ ಪಟ್ಟಿ ಎಳೆಯುವುದು, ಊರಿನ ಬೋರ್ಡು ಹಾಕುವುದು ಎಲ್ಲ ಇದರ ಮೇಲೆಯೇ. ಬಣ್ಣದ ಕೆಲಸ ಒಂದು ಸಂಜೆಯದು. ಮೈಕಟ್ಟಿನದು ವಾರಗಟ್ಟಲೆಯದು. ಬಸ್ಸಿನ ಫೋಟೋ ಇಟ್ಟುಕೊಂಡು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಶುರುವಿನಿಂದ ಕಟ್ಟುವವರು ಇದ್ದಾರೆ. ಇನ್ನು ಕೆಲವರು ‘ಯುರೋ ಟ್ರಕ್ ಸಿಮ್ಯುಲೇಟರ್ 2’ರಂಥ ಕಂಪ್ಯೂಟರ್ ಆಟಕ್ಕೆ ಯಾರೋ ಕಟ್ಟಿದ ಬಸ್ಸನ್ನು ಹೊರಗೆಳೆದು, ಮೊಬೈಲ್ ತಡೆದುಕೊಳ್ಳುವಷ್ಟಕ್ಕೆ ತ್ರಿಕೋನಗಳನ್ನು ಇಳಿಸಿ, ಚಕ್ರ ಕೂರಿಸಿ, ‘ಕನ್ವರ್ಟ್ ಮಾಡಿದೆ’ ಎನ್ನುತ್ತಾರೆ. ಈ ಕನ್ವರ್ಟಿಗೂ ಶ್ರಮ ಬೇಕು, ಅಲ್ಲಗಳೆಯುವುದಿಲ್ಲ. ಆದರೆ ಎತ್ತಿಕೊಂಡದ್ದನ್ನು ಹೊರುವ ಶ್ರಮ ಅದು.

ಇದನ್ನು ಹೇಳಿದರೆ ಸಿಗುವ ಉತ್ತರ ಗೊತ್ತಿದ್ದದ್ದೇ: ಬಸ್ಸು ಸರ್ಕಾರದ್ದು, ರಸ್ತೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ? ಗಾದೆ ಸರಿಯಾಗಿಯೇ ಇದೆ. ಕಾಳಿ ಹೊಳೆಯ ನೀರು ಕಾಳಿ ಹೊಳೆಯದೇ. ಆದರೆ ನೀವು ಹೊತ್ತುಕೊಂಡು ಹೊರಟಿರುವುದು ಇನ್ನೊಬ್ಬರು ತುಂಬಿಟ್ಟ ಕೊಡ.

ಈ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದಕ್ಕೆ ಅಮೆರಿಕದ ಕಡೆ ನೋಡುವ ಅಗತ್ಯವಿಲ್ಲ. ನಮ್ಮಲ್ಲೇ ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯವೊಂದಿದೆ, ಅದೂ ಯಕ್ಷಗಾನದ್ದು. ಬಯಲಾಟಕ್ಕೆ ಒಡೆಯರಿಲ್ಲ. ಶಿವರಾಮ ಕಾರಂತರು ಅದನ್ನು ತೆಗೆದುಕೊಂಡು ರಾಗ, ತಾಳ, ರಂಗಸಜ್ಜು, ವೇಷಭೂಷಣಗಳಲ್ಲಿ ಬದಲಾವಣೆ ಮಾಡಿ ಯಕ್ಷಗಾನ ಬ್ಯಾಲೆ ಎಂಬ ಹೊಸ ರೂಪ ಕೊಟ್ಟರು. 1994ರಲ್ಲಿ ಉಯಿಲು ಬರೆದು ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆ ರೂಪದಲ್ಲಿ ಆಡಿಸಿದಾಗ ಮಾಲಿನಿ ಮಲ್ಯ ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಯಕ್ಷಗಾನ ಪರಂಪರೆಯದು, ಅದಕ್ಕೆಂಥ ಕೃತಿಸ್ವಾಮ್ಯ ಎಂಬ ವಾದ ಯಾರಿಗಾದರೂ ಹೊಳೆಯುವಂಥದ್ದೇ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಮಾಲಿನಿ ಮಲ್ಯ ಅವರದೇ ಎಂದಿತು. ಶಿಕ್ಷಣ ಸಂಸ್ಥೆಗಳಿಗೆ ಮತ್ತು ಟಿಕೆಟ್ ಇಲ್ಲದೆ ಆಡುವ ಹವ್ಯಾಸಿಗಳಿಗೆ ಕಾನೂನೇ ಕೊಟ್ಟ ರಿಯಾಯಿತಿಗೆ ಇದರಿಂದ ಧಕ್ಕೆಯಿಲ್ಲ ಎಂದೂ ಸ್ಪಷ್ಟಪಡಿಸಿತು. ಅಭಿಮನ್ಯು ಎಲ್ಲರವನು, ಬಯಲಾಟ ಎಲ್ಲರದು. ಕಾರಂತರು ಸೇರಿಸಿದ್ದು ಮಾತ್ರ ಕಾರಂತರದು. ಆ ಹಕ್ಕು 2057ರ ಕೊನೆಯವರೆಗೆ ಜೀವಂತ.

ಬಸ್ಸಿಗೆ ಇದನ್ನು ಅನ್ವಯಿಸಿ ನೋಡಿ. ಕೆಂಪು ಬಸ್ಸು ಬಯಲಾಟ. ಅದನ್ನು ನೋಡಿ ತ್ರಿಕೋನ ಜೋಡಿಸಿದವನದು ಅವನ ಪ್ರಸಂಗ. ಬೇರೊಬ್ಬ ಅದೇ ಬಸ್ಸನ್ನು ನೋಡಿ ತನ್ನ ಪ್ರಸಂಗವನ್ನು ತಾನೇ ಕಟ್ಟಿಕೊಳ್ಳಲಿ, ಬೇಡ ಎನ್ನುವವರು ಯಾರು? ಮೊದಲನೆಯವನ ಪ್ರತಿಯನ್ನೇ ಎತ್ತಿಕೊಂಡರೆ ಮಾತ್ರ ತಕರಾರು.

‘ನಾವೇನು ದುಡ್ಡು ತಗೊಂಡ್ವಾ? ಪುಕ್ಕಟೆ ಕೊಡ್ತೀವಿ’ ಎಂಬುದು ಎರಡನೆಯ ವಾದ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿಲ್ಲದಿದ್ದರೆ ನ್ಯಾಯಾಧೀಶರು ಕಾರಣ ಬರೆದು ಶಿಕ್ಷೆ ಇಳಿಸಬಹುದು. ಗಮನಿಸಿ, ಇಳಿಸಬಹುದು ಅಷ್ಟೇ. ಪುಕ್ಕಟೆ ಎಂದ ಮಾತ್ರಕ್ಕೆ ತಪ್ಪು ತಪ್ಪಲ್ಲವೆಂದಾಗುವುದಿಲ್ಲ.

ಆದರೆ ಇದೇ ಕಾಯ್ದೆಯ 52ನೆಯ ಸೆಕ್ಷನ್ ಊರ ಜಾತ್ರೆಯ ನಾಟಕವನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಹವ್ಯಾಸಿ ಸಂಘದವರು ಟಿಕೆಟ್ ಇಡದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ನಾಟಕಕಾರನ ಅಪ್ಪಣೆ ಬೇಕಿಲ್ಲ. ಮಾಡ್ ಮಾಡುವವರಿಗೆ ಇಂಥ ಬಾಗಿಲು ಏಕಿಲ್ಲ? ಪ್ರಶ್ನೆ ನ್ಯಾಯವಾದದ್ದೇ, ಬಹಳ ದಿನ ನನ್ನನ್ನೂ ಕಾಡಿದೆ. ಉತ್ತರ ಬಹುಶಃ ಇದು: ನಾಟಕ ಬೆಳಗಾಗುವುದರೊಳಗೆ ಮುಗಿಯುತ್ತದೆ, ನೋಡಿದವರು ಮನೆಗೆ ಹೋಗುತ್ತಾರೆ. ಕಡತ ಮುಗಿಯುವುದಿಲ್ಲ. ಒಮ್ಮೆ ಹೊರಬಿದ್ದರೆ ಮಾಡಿದವನ ಹೆಸರು ಕಳಚಿಕೊಂಡು ಊರೂರು ಸುತ್ತುತ್ತದೆ, ಮೂರನೆಯ ಕೈಯಲ್ಲಿ ಮಾರಾಟಕ್ಕೂ ನಿಲ್ಲುತ್ತದೆ. ನಿಮ್ಮ ಮೊಬೈಲಿನಲ್ಲಿ ನೀವೊಬ್ಬರೇ ಕನ್ವರ್ಟ್ ಮಾಡಿ ಆಡಿಕೊಂಡರೆ ಯಾರೂ ನಿಮ್ಮ ಮನೆ ಬಾಗಿಲು ತಟ್ಟುವುದಿಲ್ಲ. ಹಂಚುವುದರಿಂದಲೇ ವಿಷಯ ಕೆಡುವುದು.

ಹೊರದೇಶದ ದೊಡ್ಡ ಮಾಡ್ ತಂಡಗಳು ಇದನ್ನು ಪೆಟ್ಟು ತಿಂದು ಕಲಿತವು. ‘ಫಾಲ್ಔಟ್ 3’ ಆಟವನ್ನು ‘ಫಾಲ್ಔಟ್ 4’ರೊಳಗೆ ಮತ್ತೆ ಕಟ್ಟಲು ಹೊರಟ ಹವ್ಯಾಸಿಗಳು 2018ರಲ್ಲಿ ಕೆಲಸ ನಿಲ್ಲಿಸಬೇಕಾಯಿತು. ಎರಡೂ ಆಟ ಬೆಥೆಸ್ಡಾ ಕಂಪನಿಯವೇ. ಹಳೆಯ ಆಟದ ಸಂಭಾಷಣೆಯ ಧ್ವನಿಯನ್ನು ಹೊಸದಕ್ಕೆ ಸಾಗಿಸುವುದೇ ತೊಡಕಾಯಿತು. ಮುಂದೆ ಅವರು ಧ್ವನಿಯನ್ನೆಲ್ಲ ತಾವೇ ಹೊಸದಾಗಿ ಮುದ್ರಿಸಿಕೊಳ್ಳುತ್ತೇವೆ ಎಂದು ಕೆಲಸಕ್ಕೆ ಮರಳಿದರು. ದಾರಿ ಉದ್ದವಾಯಿತು, ಆದರೆ ದಾರಿ ಇತ್ತು. ಈ ಕಟ್ಟುನಿಟ್ಟನ್ನು ನಾನು ಒಪ್ಪುತ್ತೇನೆ, ಏಕೆಂದರೆ ಧ್ವನಿ ಕೊಟ್ಟ ನಟರು ಒಂದು ಆಟಕ್ಕೆಂದು ಒಪ್ಪಿಕೊಂಡವರು, ಎರಡಕ್ಕಲ್ಲ.

ಒಪ್ಪಲಾಗದ ಕಟ್ಟುನಿಟ್ಟೂ ಉಂಟು. ‘ಗ್ರ್ಯಾಂಡ್ ಥೆಫ್ಟ್ ಆಟೊ’ (ಜಿಟಿಎ) ಸರಣಿಯ ಹಲವು ಆಟಗಳ ನಗರಗಳನ್ನು ‘ಸ್ಯಾನ್ ಆಂಡ್ರಿಯಾಸ್’ನೊಳಗೆ ಸೇರಿಸುತ್ತಿದ್ದ ‘ಜಿಟಿಎ ಅಂಡರ್‌ಗ್ರೌಂಡ್’ ಎಂಬ ಮಾಡ್ 2021ರಲ್ಲಿ ನಿಂತುಹೋಯಿತು. ಆ ವರ್ಷ ಸರಣಿಯ ಒಡೆತನದ ಟೇಕ್-ಟೂ ಕಂಪನಿ ಇಂಥ ಮಾಡ್‌ಗಳ ಮೇಲೆ ನೋಟಿಸಿನ ಮಳೆಯನ್ನೇ ಸುರಿಸಿತ್ತು. ಅದೇ ನವೆಂಬರ್‌ನಲ್ಲಿ ಕಂಪನಿಯ ಕಡೆಯಿಂದ ಹಳೆಯ ಮೂರು ಆಟಗಳು ಹೊಸ ಅಂಗಿ ತೊಟ್ಟು ಮಾರುಕಟ್ಟೆಗೆ ಬಂದವು. ದೋಷಗಳ ಮೂಟೆಯಾಗಿದ್ದ ಅವನ್ನು ಕಂಡು ಅಭಿಮಾನಿಗಳು ಕಂಪನಿಯಿಂದ ಕ್ಷಮೆ ಕೇಳಿಸಿದ್ದು ಬೇರೆ ಮಾತು. ವರ್ಷಗಟ್ಟಲೆ ಸುಮ್ಮನಿದ್ದು, ತನ್ನ ಅಂಗಡಿ ತೆರೆಯುವ ಹೊತ್ತಿಗೆ ಹವ್ಯಾಸಿಗಳ ಬೆನ್ನು ಹತ್ತುವುದು ಕಾನೂನಿನ ಪ್ರಕಾರ ಸರಿ, ನಡವಳಿಕೆಯಾಗಿ ಸಣ್ಣತನ. ಮಾಡ್ ಎಂಬುದು ಇಂಥ ಕಂಪನಿಗಳಿಗೆ ಎಷ್ಟು ಗಳಿಸಿಕೊಟ್ಟಿದೆ ಎಂಬುದನ್ನೂ ಮರೆಯಬಾರದು. ‘ಕೌಂಟರ್ ಸ್ಟ್ರೈಕ್’ 1999ರಲ್ಲಿ ‘ಹಾಫ್ ಲೈಫ್’ ಆಟಕ್ಕೆ ಇಬ್ಬರು ಹುಡುಗರು ಮಾಡಿದ ಮಾಡ್. ವಾಲ್ವ್ ಕಂಪನಿ ಅದನ್ನು ಕೊಂಡುಕೊಂಡು ಇವತ್ತಿಗೂ ಉಣ್ಣುತ್ತಿದೆ.

ಹಾಗೆಂದು ನಮ್ಮ ಹುಡುಗರೆಲ್ಲ ಮುಗ್ಧರೇನಲ್ಲ. ಕನ್ವರ್ಟ್ ಮಾಡಿದ ಬಸ್ಸನ್ನು ಜಿಪ್ ಕಡತದಲ್ಲಿಟ್ಟು, ಅದಕ್ಕೊಂದು ಪಾಸ್‌ವರ್ಡ್ ಹಾಕಿ, ಪಾಸ್‌ವರ್ಡ್ ಬೇಕಿದ್ದರೆ ತಮ್ಮ ಯೂಟ್ಯೂಬ್ ವಿಡಿಯೋವನ್ನು ಕೊನೆಯವರೆಗೆ ನೋಡಬೇಕೆನ್ನುವ ಪದ್ಧತಿ ಈ ವಲಯದಲ್ಲಿ ಮಾಮೂಲು. ಯಾರಾದರೂ ಆ ಬೀಗ ಒಡೆದು ಹಂಚಿದರೆ ‘ನನ್ನ ಮಾಡ್ ಕದ್ದರು’ ಎಂದು ಕೂಗಾಟ. ಅಪ್ಪಣೆಯಿಲ್ಲದೆ ತಂದ ಮಾಲಿಗೆ ಬೀಗ ಹಾಕಿ ಕೀಲಿಗೆ ಬೆಲೆ ಕಟ್ಟುವವರು ಕಂಪನಿಗಳ ದುರಾಸೆಯನ್ನು ಬಯ್ಯುವುದು ಯಾವ ಬಾಯಿಯಿಂದ? ಮೂಲ ಕಲಾವಿದನ ಹೆಸರು ಹೇಳಿಸಿಕೊಳ್ಳುವ ಹಕ್ಕು ಕಾಯ್ದೆಯ 57ನೆಯ ಸೆಕ್ಷನ್‌ನಲ್ಲಿ ಪ್ರತ್ಯೇಕವಾಗಿಯೇ ಇದೆ, ಕೃತಿಸ್ವಾಮ್ಯ ಮಾರಿದ ಮೇಲೂ ಅದು ಉಳಿಯುತ್ತದೆ. ಇವರು ಮೊದಲು ಅಳಿಸುವುದು ಆ ಹೆಸರನ್ನೇ.

ಲಾಂಛನದ್ದು ಇನ್ನೊಂದು ತಕರಾರು, ಅದು ಟ್ರೇಡ್‌ಮಾರ್ಕಿನ ವಿಷಯ. ಕೆಎಸ್‌ಆರ್‌ಟಿಸಿ ಎಂಬ ಐದಕ್ಷರಕ್ಕಾಗಿ ಕರ್ನಾಟಕ ಮತ್ತು ಕೇರಳ ವರ್ಷಗಟ್ಟಲೆ ಜಗ್ಗಾಡಿದವು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡುವವರೆಗೆ ಅದು ಎಳೆಯಿತು. ಆಟದೊಳಗಿನ ಬಸ್ಸಿನ ಮೇಲೆ ಹುಡುಗನೊಬ್ಬ ಆ ಹೆಸರು ಬರೆದರೆ ಯಾವ ನಿಗಮಕ್ಕೂ ನಷ್ಟವಿಲ್ಲ. ನಿಗಮಗಳೇ ಒಂದು ಹಾಳೆಯಲ್ಲಿ ‘ಹವ್ಯಾಸಕ್ಕೆ ಬಳಸಿಕೊಳ್ಳಿ, ವ್ಯಾಪಾರಕ್ಕೆ ಬೇಡ’ ಎಂದು ಪ್ರಕಟಿಸಿಬಿಟ್ಟರೆ ಮುಗಿಯಿತು.

ಬಸ್ಸಿನಾಚೆಗೆ ಯೋಚಿಸಿದಾಗ ಕಾನೂನಿನ ಕುರುಡು ಕಾಣಿಸುತ್ತದೆ. ನಾಳೆ ಯಾರೋ ಮುಂಡಗೋಡದ ಟಿಬೆಟನ್ ಮಠವೊಂದನ್ನು ಆಟದೊಳಗೆ ಕಟ್ಟುತ್ತಾರೆ ಎನ್ನಿ. ಕಟ್ಟಡದ ಚಿತ್ರ ಬರೆಯಲು, ಫೋಟೋ ತೆಗೆಯಲು ಕಾಯ್ದೆ ಬಿಟ್ಟಿದೆ. ಒಳಗೋಡೆಯ ಮೇಲೆ ಈಚೆಗೆ ಬರೆದ ವರ್ಣಚಿತ್ರಕ್ಕೆ ಆ ಬಿಡುವಿಲ್ಲ. ಶೈಲಿ ಪುರಾತನವಾದರೂ ಬರೆದ ಕೈ ಇವತ್ತಿನದು, ಅದರ ಫೋಟೋವನ್ನು ಟೆಕ್ಸ್ಚರ್ ಮಾಡಿ ಅಂಟಿಸಿದರೆ ಅದು ನಕಲೇ. ಹಳಿಯಾಳ, ಜೋಯಿಡಾ ಕಡೆಯ ಸಿದ್ದಿ ಸಮುದಾಯದ ಡಮಾಮಿ ವಾದನವನ್ನು ಧ್ವನಿಮುದ್ರಿಸಿ ಆಟಕ್ಕೆ ಸೇರಿಸಿದರೆ ಇನ್ನೂ ವಿಚಿತ್ರ. ಮುದ್ರಣದ ಕೃತಿಸ್ವಾಮ್ಯ ಮುದ್ರಿಸಿಕೊಂಡವನ ಪಾಲಿಗೆ ಹೋಗುತ್ತದೆ. ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದೊಂದು ಇದೆ, ಕೇಳಿ ಪಡೆಯುವವರು ಯಾರು? ತಲೆಮಾರುಗಳಿಂದ ಅದನ್ನು ಉಳಿಸಿಕೊಂಡು ಬಂದ ಸಮುದಾಯಕ್ಕಂತೂ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಕಾನೂನು ಸುಮ್ಮನಿದೆ ಎಂದು ನಾವು ಬಾಚಿಕೊಳ್ಳಬಹುದೇ? ಕೂಡದು. ಕಂಪನಿಯ ಕಡತಕ್ಕೆ ಅಪ್ಪಣೆ ಕೇಳುವವರು ಸಿದ್ದಿ ಕೇರಿಗೂ ಹೋಗಿ ಕೇಳಬೇಕು.

ಮಾಡ್ ಮಾಡುವ ಗೆಳೆಯರೇ, ಬಸ್ಸು ಬೇಕಿದ್ದರೆ ದಾಂಡೇಲಿಯ ನಿಲ್ದಾಣಕ್ಕೆ ಹೋಗಿ, ಸುತ್ತಲೂ ಫೋಟೋ ತೆಗೆದುಕೊಳ್ಳಿ, ನೀವೇ ಕಟ್ಟಿ. ಕೈಲಾಗದಿದ್ದರೆ ಕಟ್ಟಿದವರನ್ನು ಕೇಳಿ. ಕೊಟ್ಟರೆ ಅವರ ಹೆಸರನ್ನು ನಿಮ್ಮ ಹೆಸರಿಗಿಂತ ಮೇಲೆ ಬರೆಯಿರಿ. ಉತ್ತರವೇ ಬರದಿದ್ದರೆ ಮೌನವನ್ನು ಸಮ್ಮತಿ ಎಂದುಕೊಳ್ಳದೆ ಆ ಕಡತವನ್ನು ಅಲ್ಲೇ ಬಿಡಿ.